ಒಳಕ್ಕೆ ತೆರೆಯುವ ಬಾಗಿಲು

"ಗುರುಗಳೇ, ಒಮ್ಮೆ ತಾನೇ ನೋವುಂಡವನಿಗೆ ಪರರ ನೋವು ಅರ್ಥವಾಗುತ್ತದಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ತನ್ನ ತಂದೆಯ ಹೆಸರಿನಲ್ಲಿ ಊರಿಗೊಂದು ಆಸ್ಪತ್ರೆ ಕಟ್ಟಿಸಿದ. ಕೋಣೆಗೊಬ್ಬ ರೋಗಿ, ಕೋಣೆಗೊಂದು ಬಚ್ಚಲು. ಬಚ್ಚಲು ಇಕ್ಕಟ್ಟಾಗಿತ್ತು. ಬಾಗಿಲು ಕೂರಿಸುವ ದಿನ ಬಡಗಿ ಬಂದು, "ಯಜಮಾನರೇ, ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕೋ, ಒಳಕ್ಕೋ?" ಎಂದು ಕೇಳಿದ. ವ್ಯಾಪಾರಿ ಕೋಣೆಯನ್ನೊಮ್ಮೆ ನೋಡಿದ. ಪ್ರತಿ ಕೋಣೆಯ ಗೋಡೆಗೂ ತಂದೆಯ ದೊಡ್ಡ ಭಾವಚಿತ್ರ ಹಾಕಿಸಿದ್ದ. ಬಾಗಿಲು ಹೊರಕ್ಕೆ ತೆರೆದರೆ ಅದು ಮರೆಯಾಗುತ್ತಿತ್ತು. "ಒಳಕ್ಕೆ" ಎಂದ.

ಆಸ್ಪತ್ರೆ ಶುರುವಾಗಿ ತಿಂಗಳು ತುಂಬುವ ಮೊದಲೇ ಮುದುಕಿಯೊಬ್ಬಳು ಬಚ್ಚಲಲ್ಲಿ ತಲೆ ಸುತ್ತಿ ಬಿದ್ದು ಕೈ ಮುರಿದುಕೊಂಡಳು. ಬಿದ್ದವಳು ಬಾಗಿಲಿಗೇ ಅಡ್ಡವಾದಳು. ದಾದಿ ಹೊರಗಿನಿಂದ ತಳ್ಳಿದಳು. ತಳ್ಳಿದಷ್ಟೂ ಬಾಗಿಲು ಮುದುಕಿಯ ಮುರಿದ ಕೈಯನ್ನು ಒತ್ತಿತು. ಕೊನೆಗೆ ಮುದುಕಿಯೇ ತೆವಳಿಕೊಂಡು ಸರಿದು ದಾರಿ ಬಿಡಬೇಕಾಯಿತು. ರೋಗಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ವ್ಯಾಪಾರಿ ದಾದಿಯನ್ನು ಕೆಲಸದಿಂದ ತೆಗೆದ.

ಅವಳ ಜಾಗಕ್ಕೆ ಬಂದವಳು ಜಾಣೆ. ರೋಗಿ ಬಚ್ಚಲಿಗೆ ಹೋದರೆ ಬಾಗಿಲು ಮುಚ್ಚಲು ಬಿಡದೆ, ಅದನ್ನು ಹಿಡಿದುಕೊಂಡು, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದಳು. ಆಮೇಲೆ ಯಾರೂ ಒಳಗೆ ಸಿಕ್ಕಿಕೊಳ್ಳಲಿಲ್ಲ. ಆದರೆ ಅವಳು ಒಂದು ಬಾಗಿಲಲ್ಲಿ ನಿಂತಿದ್ದಾಗ ಉಳಿದ ಕೋಣೆಗಳ ಗಂಟೆಗಳು ಮೊಳಗುತ್ತಲೇ ಇರುತ್ತಿದ್ದವು. ಒಳಗಿದ್ದವರು ನಾಚಿಕೆಯಿಂದ ಬೈದರು. ಕಾದವರು ಕಾದು ಬೈದರು. ಅವಳ ಮಧ್ಯಾಹ್ನದ ಊಟ ಸಂಜೆಗೆ ಹೋಯಿತು.

ಒಂದು ದಿನ ಅವಳು ವ್ಯಾಪಾರಿಯ ಮುಂದೆ ಹೋಗಿ ನಿಂತಳು. "ಬಾಗಿಲುಗಳನ್ನು ಹೊರಕ್ಕೆ ತಿರುಗಿಸಿ ಕೊಡಿ. ಆಗದಿದ್ದರೆ ಈ ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ಬಿಟ್ಟುಬಿಡಿ" ಎಂದಳು.

"ಬಾಗಿಲು ಹಿಡಿದು ನಿಲ್ಲುವುದಕ್ಕೂ ಇಷ್ಟು ಆಯಾಸವೇ?" ಎಂದು ವ್ಯಾಪಾರಿ ನಕ್ಕ.

ಆ ವಾರವೇ ವ್ಯಾಪಾರಿಗೆ ಜ್ವರ ಬಂತು. ತನ್ನದೇ ಆಸ್ಪತ್ರೆಗೆ ಸೇರಿದ. ಮಾರನೆಯ ಬೆಳಿಗ್ಗೆ ಬಚ್ಚಲಿಗೆಂದು ಎದ್ದಾಗ ದಾದಿ ಬಾಗಿಲು ಹಿಡಿಯಲು ಬಂದಳು. ವ್ಯಾಪಾರಿ ಅವಳನ್ನು ಗದರಿಸಿ ಆಚೆ ಕಳುಹಿಸಿ, ಬಾಗಿಲು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಒಳಗೆ ದೊಪ್ಪೆಂದು ಸದ್ದಾಯಿತು.

ವ್ಯಾಪಾರಿ ಭಾರಿ ಮೈಯವನು. ಬಾಗಿಲಿಗೂ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿದ್ದ. ದಾದಿ ತಳ್ಳಿದಳು. ವೈದ್ಯರು ತಳ್ಳಿದರು. ಪಕ್ಕದ ಕೋಣೆಗಳಿಂದ ರೋಗಿಗಳೂ ಎದ್ದು ಬಂದು ಒಂದೊಂದು ಕೈ ಹಾಕಿದರು. ಬಾಗಿಲು ಅಲುಗಲಿಲ್ಲ.

"ಯಜಮಾನರೇ, ಸ್ವಲ್ಪ ಸರಿದುಕೊಳ್ಳಿ" ಎಂದಳು ದಾದಿ.

"ಸರಿಯಲು ಬಂದಿದ್ದರೆ ಎದ್ದೇ ಬರುತ್ತಿದ್ದೆನಲ್ಲ, ತಾಯಿ!" ಎಂದು ಒಳಗಿನಿಂದ ಅಳುದನಿ ಬಂತು.

ಬಡಗಿಯನ್ನು ಕರೆಸಿದರು. ಬಾಗಿಲ ಕೀಲುಗಳೆಲ್ಲ ಒಳಗಡೆ ಇದ್ದವು. ಬೇರೆ ದಾರಿ ಕಾಣದೆ ಅವನು ಗರಗಸ ತೆಗೆದ. ಅದರ ಸದ್ದು ಕಿವಿಗೆ ಬಿದ್ದದ್ದೇ ತಡ, "ಮೆಲ್ಲಗೆ ಕೊಯ್ಯೋ, ತೇಗದ ಬಾಗಿಲು!" ಎಂದು ವ್ಯಾಪಾರಿ ಕೂಗಿದ. ಬಾಗಿಲಿನ ಮೇಲರ್ಧ ಕೊಯ್ದು ತೆಗೆದ ಮೇಲೆ ದಾದಿ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನಿಂದ ಹತ್ತಿ ಒಳಗಿಳಿದಳು. ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದಳು.

ವ್ಯಾಪಾರಿ ಅವಳ ಕೈ ಹಿಡಿದುಕೊಂಡು ಅತ್ತ. "ಇಲ್ಲೇ ನನ್ನ ಉಸಿರು ಹೋಯಿತು ಅಂದುಕೊಂಡೆ. ಆ ಮುದುಕಿ ಮುರಿದ ಕೈಯಲ್ಲಿ ಹೇಗೆ ತಾಳಿಕೊಂಡಳೋ!" ಎಂದ. ಬಡಗಿ ಇನ್ನೂ ಅಲ್ಲೇ ಇದ್ದ. ಕೊಯ್ದ ಬಾಗಿಲನ್ನು ಜೋಡಿಸಿ, ಈಗಿಂದೀಗಲೇ ಹೊರಕ್ಕೆ ತಿರುಗಿಸಬೇಕೆಂದು ವ್ಯಾಪಾರಿ ಅವನಿಗೆ ಅಪ್ಪಣೆ ಮಾಡಿದ. ಸಂಜೆಯೊಳಗೆ ಕೆಲಸ ಮುಗಿಯಿತು.

ಶಿಷ್ಯನ ಮುಖ ಅರಳಿತು. "ನಾನು ಹೇಳಲಿಲ್ಲವೇ ಗುರುಗಳೇ, ನೋವು ಅವನಿಗೆ ಕಲಿಸಿತು. ಆ ದಾದಿಯೂ ಕೆಲಸದಲ್ಲಿ ಉಳಿದಳು ತಾನೇ?" ಎಂದ.

"ಹೋದಳಪ್ಪ; ಅವನು ತಿರುಗಿಸಿದ್ದು ತಾನು ಬಿದ್ದ ಕೋಣೆಯ ಬಾಗಿಲೊಂದನ್ನೇ" ಎಂದರು ಗುರುಗಳು.