ಹುಲಿಗೆವ್ವನ ಹರಿಗೋಲು

ಹೂಂ ಅಂತಾ ಇರಬೇಕು, ಇಲ್ಲಾಂದ್ರೆ ಅರ್ಧಕ್ಕೇ ಬಿಟ್ಟುಬಿಡ್ತೀನಿ. ಒಂದಾನೊಂದು ಕಾಲದಲ್ಲಿ ಹೊಳೆ ದಂಡೇಲಿ ಹರಿಗೋಲು ಕಟ್ಟೋ ಅಣ್ಣತಮ್ಮಂದಿರು ಮೂವರಿದ್ದರಂತೆ. ಬಿದಿರಿನ ಬುಟ್ಟಿ ಹೆಣೆದು, ಮೇಲೆ ಪುಂಡಿನಾರಿನ ಚಾಪೆ ಹೊದಿಸಿ, ಕಾಸಿದ ರಾಳ ಬಳಿಯೋದು ಅವರ ಕಸುಬು. ಕಿರಿಯವನ ಹೆಂಡತಿ ಹುಲಿಗೆವ್ವ, ಹೊಸ ಸೊಸೆ. ಪುಂಡಿ ಗಿಡದ ಕಟ್ಟು ಹೊಂಡದಲ್ಲಿ ಕೊಳೆಹಾಕಿ, ನಾರು ಸುಲಿದು, ತೊಳೆದು, ಚಾಪೆ ನೇಯೋದು ಅವಳ ಪಾಲಿಗೆ ಬಂತಂತೆ.

ಚಾಪೆ ಇನ್ನೂ ಹಸಿ ಐತಿ, ಒಣಗಲಿ ಅಂದಳಂತೆ. ಹಿರಿಯ ಭಾವ ನಕ್ಕು, ನೀರಾಗ ಹುಟ್ಟಿದ ನಾರಿಗೆ ನೀರಿನ ಭಯ ಏನವ್ವ ಅಂತ ಹಸಿ ಚಾಪೆ ಮೇಲೇ ರಾಳ ಬಳಿದನಂತೆ. ನೀರಿಗಿಳಿದದ್ದೇ ತಡ, ರಾಳ ಬೆಂದ ಗೆಣಸಿನ ಸಿಪ್ಪೆ ಹಂಗೆ ಕಳಚಿ, ಹರಿಗೋಲು ಮುಳುಗಿತಂತೆ. ಈಸಿ ದಡಕ್ಕೆ ಬಂದವನು ತಲೆ ಒರೆಸಿಕೊಳ್ಳೋಕೂ ಮೊದಲು ಅಂದದ್ದೇನು ಗೊತ್ತಾ? ಇಕಿ ಕಾಲ್ಗುಣ ಚಲೋ ಇಲ್ಲ ಅಂತ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳು ಅನ್ನೋ ಗಾದೆ ಹಂಗಾಯ್ತು. ರಾಳ ಬಳಿದ ಕೈ ಅವನದು, ಬೈಸಿಕೊಂಡದ್ದು ಇವಳ ಕಾಲು. ಇದು ಯಾವ ಊರ ನ್ಯಾಯ ಮಗಾ?

ಆಮೇಲೆ ನಡುವಿನವನು ಕಟ್ಟಿದನಂತೆ. ಚಾಪೆ ಒಣಗಿಸಿದ, ಖರೆ. ಆದರೆ ಅಂಚಲ್ಲಿ ಕತ್ತರಿಸಿದ ನಾರಿನ ತುದಿಗಳಿಗೆ ರಾಳ ಯಾಕೆ ದಂಡ ಅಂತ ಹಂಗೇ ಬಿಟ್ಟನಂತೆ. ಆ ತುದಿಗಳು ಬಾಯಾರಿದ ದನದ ಹಂಗೆ ನೀರು ಕುಡಿದು, ನಾರು ಉಬ್ಬಿ, ರಾಳ ಬಿರಿದು, ಹರಿಗೋಲು ಹಾಲಲ್ಲಿ ನೆನೆದ ರೊಟ್ಟಿಯಾಗಿ ಕುಸೀತಂತೆ. ನೇಯ್ದವಳ ಕೈ ಸರಿ ಇಲ್ಲ, ಇನ್ನೊಂದು ಮುಳುಗಿದರೆ ಇಕಿನ್ನ ತವರಿಗೆ ಅಟ್ಟೋದೇ ಅಂದನಂತೆ. ಗಂಡ ಅನ್ನಿಸಿಕೊಂಡವನು ಬಾಯಿಗೆ ಕಡುಬು ತುರುಕಿದ ಹಂಗೆ ನಿಂತಿದ್ದ. ಹುಲಿಗೆವ್ವನಿಗೆ ಮೈಯೆಲ್ಲ ಉರೀತು. ಹೇಳುವಾಗಲೆಲ್ಲ ನನಗೂ ಉರಿಯುತ್ತೆ.

ಮೂರನೇದು ನಾನೇ ಕಟ್ಟತೀನಿ, ಮುಟ್ಟಿದವರ ಕೈ ಮುರೀತೀನಿ ಅಂದಳಂತೆ. ನಾರು ಗರಗರ ಅನ್ನೋವರೆಗೂ ಒಣಗಿಸಿ, ಆ ಬಿಸಿ ಆರೋದರೊಳಗೆ ರಾಳ ಕುಡಿಸಿ, ಅಂಚಿನ ಒಂದೊಂದು ತುದಿಗೂ ರಾಳ ಮೆತ್ತಿ, ತಾನೇ ಹತ್ತಿ ನಡುಹೊಳೆಗೆ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೂತಳಂತೆ. ಹೊತ್ತು ಮುಳುಗಿದರೂ ಈಚೆಗೆ ಬರಲೊಲ್ಲಳು. ಹರಿಗೋಲಲ್ಲಿ ಒಂದು ಹನಿ ನೀರಿಲ್ಲ, ಮನೇಲಿ ಒಲೆ ಹತ್ತಿಲ್ಲ. ಭಾವಂದಿರು ದಡದಿಂದ, ಬಾರವ್ವ, ಹೊಟ್ಟಿ ಹಸಿದೈತಿ ಅಂದರಂತೆ. ಮುಳುಗಿಸಿದ್ದು ಯಾರ ಕೈ, ಯಾರ ಕಾಲು, ಹೊಳೆಗೆಲ್ಲ ಕೇಳೋ ಹಂಗ ಹೇಳ್ರಿ ಅಂದಳಂತೆ. ನಮ್ಮ ಕೈದೇ ತಪ್ಪವ್ವ ಅಂತ ಇಬ್ಬರೂ ಕೂಗಿದರಂತೆ. ಆಗಲೂ ಅಲ್ಲಾಡಲಿಲ್ಲ, ಮೂರನೇ ದನಿ ಇನ್ನೂ ಬರಲಿಲ್ಲ ಅಂದಳಂತೆ. ಆಗ ಗಂಡ ಮೊಣಕಾಲುದ್ದ ನೀರಿಗಿಳಿದು, ನಾ ಸುಮ್ಮನಿದ್ದದ್ದೇ ತಪ್ಪು ಅಂತ ಗಂಟಲು ಹರಿಯೋ ಹಂಗೆ ಕೂಗಿದನಂತೆ.

ಆಮೇಲೆ ಬಂದಳು. ಆವತ್ತು ರೊಟ್ಟಿ ಬಡಿದದ್ದು ಆ ಮೂವರೇ ಅಂತೆ, ಸೀದವನ್ನೆಲ್ಲ ತಾವೇ ತಿಂದರಂತೆ. ಹುಲಿಗೆವ್ವ ದಡ ಸೇರಿದಳು, ನೀನು ನಿದ್ದೆ ಸೇರು, ಕತೆ ಮುಗೀತು.