ಲಾಡಸಾಬ ಕಟ್ಟಿದ ಹಲ್ಲಿನ ಬಿಲ್ಲು

ಕಾಲ ಯಾವುದೋ, ಅರಸ ಯಾರೋ, ಹೇಳುವವರಿಲ್ಲ. ಕರಿಮಣ್ಣಿನ ಸೀಮೆಯ ಒಂದೂರಲ್ಲಿ ಲಾಡಸಾಬನೆಂಬ ಪಿಂಜಾರನಿದ್ದನಂತೆ. ಪಿಂಜಾರನೆಂದರೆ ಹತ್ತಿ ಹಿಂಜುವವನು. ಆಳುದ್ದದ ಬಿಲ್ಲಿಗೆ ನರದ ತಂತಿ ಬಿಗಿದು, ಅದನ್ನು ಮೀಟಿ, ಗಂಟುಗಟ್ಟಿದ ಹತ್ತಿಯನ್ನು ಅರಳೆ ಮಾಡುವವನು. ಅವನ ಬಿಲ್ಲಿನ ನಾದಕ್ಕೆ ಆಕಾಶದ ಮೋಡಗಳೂ ಬಿಡಿಬಿಡಿಯಾಗುತ್ತಿದ್ದವು ಅಂತಾರೆ.

ಅದೇ ಊರಲ್ಲಿ ಕಲ್ಲವ್ವನ ಮಗಳು ಫಕೀರವ್ವ, ಇನ್ನೂ ಬೆಳೆಯುವ ಹುಡುಗಿ. ಅವಳ ಮುಂದಿನ ಹಲ್ಲುಗಳು ಎಷ್ಟು ಉಬ್ಬಿದ್ದವೆಂದರೆ ತುಟಿಗೆ ತುಟಿ ಕೂಡುತ್ತಿರಲಿಲ್ಲ. "ಮಳಿ ಬಂದ್ರ ನಿನ್ನ ಹಲ್ಲಿನ ಕೆಳಗ ನಿಲ್ತೇವಿ" ಎಂದು ಓರಗೆಯವರು ಕಾಡುತ್ತಿದ್ದರು. ಹುಡುಗಿ ಗೋಡೆಗೆ ಮುಖಮಾಡಿ ಉಣ್ಣತೊಡಗಿದಳು.

ಇದನ್ನು ಕಂಡ ಲಾಡಸಾಬನಿಗೆ ಒಂದು ಕುತೂಹಲ ಹುಟ್ಟಿತು. ತಂತಿ ಬಿಚ್ಚದೆ ಇಟ್ಟ ಬಿಲ್ಲು ಮಳೆಗಾಲ ಮುಗಿಯುವಷ್ಟರಲ್ಲಿ ತಾನೇ ಬಾಗಿರುತ್ತದೆ. ಕಟ್ಟಿಗೆ ಕೇಳುವ ಮಾತನ್ನು ಹಲ್ಲು ಕೇಳದೇ?

ಅವನು ಬಿದಿರಿನ ಸೀಳೊಂದನ್ನು ಹೆರೆದು, ಅವಳ ಕತ್ತಿನ ಹಿಂದಿನಿಂದ ಕೆನ್ನೆಗಳವರೆಗೆ ಬಾಗಿಸಿದ. ಕತ್ತಿಗೆ ಒತ್ತಬಾರದೆಂದು ಅರಳೆ ಇಟ್ಟ. ಎರಡೂ ತುದಿಗೆ ನೂಲು ಕಟ್ಟಿ ಹಲ್ಲಿನ ಮುಂದೆ ಹಾಯಿಸಿದ. ಬಿದಿರು ನೆಟ್ಟಗಾಗಲು ನೋಡುತ್ತದೆ, ನೂಲನ್ನು ಎಳೆಯುತ್ತದೆ, ನೂಲು ಹಲ್ಲನ್ನು ಒಳಕ್ಕೆ ಒತ್ತುತ್ತದೆ. ಇಷ್ಟೇ ಅದರ ಮರ್ಮ. ಆದರೆ ಬಿಗಿ ಎಷ್ಟಿರಬೇಕು? ಅವನಿಗೆ ತಿಳಿದದ್ದು ಒಂದೇ ಅಳತೆ: ತಂತಿ ಹಾಡಬೇಕು. ನೂಲು ಟಿಣ್ ಎನ್ನುವವರೆಗೂ ಬಿಗಿದ.

ಕೆಲವು ದಿನಕ್ಕೇ ಹಲ್ಲು ಬುಡದಲ್ಲಿ ಅಲುಗಾಡತೊಡಗಿದವು. ಕಲ್ಲವ್ವ ಓಡಿಬಂದಳು. "ಸಾಬಣ್ಣಾ, ಹಲ್ಲು ಉದುರಿದ್ರ ನನ್ನ ಕೂಸು ಇನ್ನ ಹೊಸ್ತಿಲಾ ದಾಟೂದಿಲ್ಲ!"

ಲಾಡಸಾಬ ಕೂಡಲೇ ಬಿಲ್ಲು ಬಿಚ್ಚಿದ. ಅಷ್ಟು ನೋವಿನಲ್ಲೂ ಫಕೀರವ್ವ ಕೇಳಿದಳಂತೆ: "ಕಾಕಾ, ತಂತಿ ಹಾಡಿದ್ರ ಹತ್ತಿ ಹಾರ್ತೈತಿ. ನನ್ನ ಹಲ್ಲೂ ಹಾರಬೇಕೇನು?"

ಆ ಮಾತು ಅವನನ್ನು ಹಿಡಿದು ನಿಲ್ಲಿಸಿತು ಅಂತಾರೆ. ಹತ್ತಿಯನ್ನು ಬಿಡಿಸುವ ಬಿಗಿಯಿಂದ ಹಲ್ಲನ್ನು ಕೂಡಿಸಲು ಹೊರಟಿದ್ದೆನಲ್ಲ! ಹಲ್ಲು ಮತ್ತೆ ಬೇರು ಹಿಡಿಯುವವರೆಗೆ ಕಾದ. ಅಷ್ಟರಲ್ಲಿ ದಪ್ಪದ್ದು, ತೆಳ್ಳನೆಯದು, ಇನ್ನೂ ತೆಳ್ಳನೆಯದು ಎಂದು ಸೀಳುಗಳನ್ನು ಹೆರೆದ. ಒಂದೊಂದಕ್ಕೂ ನೂಲು ಕಟ್ಟಿ, ನೂಲಿನ ಮೇಲೆ ಅರಳೆಯ ಎಳೆ ಇಟ್ಟು ಮೀಟಿದ. ಅರಳೆ ಹಾರಿದರೆ ಆ ಸೀಳು ಒಲೆಗೆ. ಅಲುಗದೆ ಕೂತರೂ ಒಲೆಗೆ, ಏಕೆಂದರೆ ಸಡಿಲ ನೂಲು ಏನನ್ನೂ ಎಳೆಯುವುದಿಲ್ಲ. ಕೊನೆಗೆ ಒಂದು ಸೀಳಿನ ಮೇಲೆ ಅರಳೆ ಮೆಲ್ಲಗೆ ನಡುಗಿತು, ಹಾರಲಿಲ್ಲ. ಅದನ್ನೇ ಕಟ್ಟಿದ. ದಿನಾ ಸಂಜೆ ಕಟ್ಟುವುದು, ಬೆಳಿಗ್ಗೆ ಬಿಚ್ಚುವುದು.

ಎಷ್ಟು ಕಾಲ ಹಿಡಿಯಿತೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಂದು ದಿನ ಫಕೀರವ್ವ ತುಟಿ ಕೂಡಿಸಿ "ಅಮ್ಮಾ" ಅಂದಳು. ಅಷ್ಟು ವರ್ಷ ಆ ಮಾತಿನ ಮಕಾರಕ್ಕೆ ಅವಳ ತುಟಿ ಪೂರ್ತಿ ಕೂಡಿರಲಿಲ್ಲ. ಕಲ್ಲವ್ವ ಇನ್ನೊಮ್ಮೆ ಅನ್ನಿಸಿದಳು, ಮತ್ತೊಮ್ಮೆ ಅನ್ನಿಸಿದಳು.

ಈಗಲೂ ಆ ಊರಲ್ಲಿ ಕೂಸಿಗೆ ಉಡಿದಾರ ಕಟ್ಟುವಾಗ ದಾರದ ಮೇಲೆ ಚಿಟಿಕೆ ಅರಳೆ ಇಟ್ಟು ಮೀಟುತ್ತಾರೆ. ಹಾರಿತೋ, "ಲಾಡಸಾಬ ಒಲ್ಲೆ ಅಂದ" ಎನ್ನುತ್ತಾ ಗಂಟು ಬಿಚ್ಚಿ ಸಡಿಲಿಸುತ್ತಾರೆ.