ಮಸಿ ಹಚ್ಚದ ಓಲೆ

ಹೊಳೆಯ ಮೇಲೆ ಇನ್ನೂ ಮಂಜಿತ್ತು. ಆಚೆ ದಡ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು.

ಈಚೆ ದಡದ ಮಠದಲ್ಲಿ ಬಾಳಮ್ಮ ತಾಳೆಗರಿಗಳಿಗೆ ಎಣ್ಣೆ ಸವರುತ್ತಾ ಕೂತಿದ್ದಳು. ಹುಳು ತಿಂದ ಹಳೆಯ ಗ್ರಂಥಗಳನ್ನು ಹೊಸ ಗರಿಗೆ ಇಳಿಸುವುದು ಹನ್ನೆರಡು ವರ್ಷದಿಂದ ಅವಳ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಅವಳೊಬ್ಬಳಿಗೆ ಮಾತ್ರ ಅದು ಗೊತ್ತಿರಲಿಲ್ಲ, ಏನು ಮಾಡೋಣ!

ಆಚೆ ದಡದ ಅರಮನೆಯ ಗ್ರಂಥಭಂಡಾರಕ್ಕೆ ಗ್ರಂಥ ನಕಲು ಮಾಡುವವರು ಬೇಕಾಗಿದ್ದರು. ಇರುವುದು ಒಂದೇ ಜಾಗ. ಕೆಲಸ ಬೇಕಾದವರು ತಮ್ಮ ಕೈಬರಹದ ಒಂದು ಓಲೆ ಒಪ್ಪಿಸಬೇಕು. ಇವತ್ತೇ ಕಡೆಯ ದಿನ.

ಗುರು ಮುರಿಗಯ್ಯ ಬಂದು ಕೇಳಿದರು. “ಓಲೆ ಬರೆದೆಯೇನಮ್ಮಾ?”

“ಬರೆದೆ ಅಯ್ಯನವರೇ.”

“ಎಲ್ಲಿ, ಕೊಡು.”

ಬಾಳಮ್ಮ ಚಾಪೆಯ ಕೆಳಗಿಂದ ಒಂದು ಗರಿ ತೆಗೆದು ಕೊಟ್ಟಳು. ಗುರುಗಳು ತಿರುಗಿಸಿ ಮುರುಗಿಸಿ ನೋಡಿದರು. ಗರಿ ಬೋಳಾಗಿತ್ತು. ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ, ಮಸಿ ಉಜ್ಜುವ ತನಕ ಕಣ್ಣಿಗೆ ಬೀಳುವುದಿಲ್ಲ.

“ಮಸಿ ಯಾಕೆ ಹಚ್ಚಿಲ್ಲ?”

“ಮುನ್ನೂರು ಜನ ಓಲೆ ಕೊಟ್ಟಿದ್ದಾರಂತೆ. ಕಾಶಿಯಲ್ಲಿ ಓದಿ ಬಂದವರೂ ಇದ್ದಾರಂತೆ. ಅವರೆಲ್ಲಿ, ನಾನೆಲ್ಲಿ!”

“ಆಸೆ ಇಲ್ಲವೇನು?”

ಬಾಳಮ್ಮನ ಕಣ್ಣು ತುಂಬಿತು.

“ಇದೆ ಅಯ್ಯನವರೇ. ದಿನಾ ಕನಸು ಬೀಳುತ್ತೆ. ಉದ್ದಾನುದ್ದ ಒಂದು ಕೋಣೆ. ನಾನು ನಡೀತಾನೇ ಇರ್ತೀನಿ. ಎರಡೂ ಕಡೆ ಗ್ರಂಥಗಳು ಮೆಲ್ಲಗೆ ಉಸಿರಾಡ್ತಾ ಇರ್ತವೆ. ಅದಕ್ಕೇ ಭಯ. ಅವರು ಬೇಡ ಅಂದುಬಿಟ್ಟರೆ ಆ ಕನಸೂ ಹೋಗುತ್ತಲ್ಲ.”

ಗುರುಗಳು ಅವಳನ್ನು ಕರೆದುಕೊಂಡು ಹೋಗಿ ತಮ್ಮ ಗದ್ದುಗೆ ತೋರಿಸಿದರು.

“ಕೂತುಕೋ. ಈಗ ನೀನು ಅರಮನೆಯ ಅಧಿಕಾರಿ.”

“ಅಯ್ಯಯ್ಯೋ, ನಿಮ್ಮ ಜಾಗದಲ್ಲಿ ನಾನೇ?”

“ಕೂತುಕೋ ಅಂದೆ.”

ಅವಳು ಮುದುಡಿಕೊಂಡು ಅಂಚಿನಲ್ಲಿ ಕೂತಳು. ಗುರುಗಳು ಎದುರಿಗೆ ಕೈಮುಗಿದು ನಿಂತರು.

“ಬುದ್ಧೀ, ಬಾಳಮ್ಮ ಅಂತ ಒಬ್ಬಳು ಕೆಲಸ ಕೇಳಿದ್ದಾಳೆ. ಏನಪ್ಪಣೆ?”

“ಬೇಡ. ಅವಳಿಗೆ ಯೋಗ್ಯತೆ ಸಾಲದು.”

“ಅವಳ ಓಲೆ ನೋಡಿದಿರಾ?”

“... ಇಲ್ಲ.”

ಗುರುಗಳು ದೀಪದ ಕುಡಿಕೆಯ ಮಸಿಯನ್ನು ಬಟ್ಟೆಗೆ ತಗುಲಿಸಿ ಗರಿಯ ಮೇಲೆ ಉಜ್ಜಿದರು. ಒರೆಸಿ ಅವಳ ಮುಂದೆ ಹಿಡಿದರು. ಮಂಜಿನೊಳಗಿಂದ ಜನ ನಡೆದು ಬರುವ ಹಾಗೆ ಅಕ್ಷರಗಳು ಒಂದೊಂದೇ ಮೇಲೆದ್ದವು.

ಓದುತ್ತಾ ಓದುತ್ತಾ ಬಾಳಮ್ಮ ತಾನು ಯಾರೆಂಬುದನ್ನೇ ಮರೆತಳು.

“ಅಬ್ಬಾ, ಎಂಥಾ ಕೈ!” ಅಂದುಬಿಟ್ಟಳು. ಆಮೇಲೆ ನಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅಷ್ಟರಲ್ಲಿ ದೋಣಿಯವನು ಕೂಗಿದ. ಇವತ್ತಿಗೆ ಅದೊಂದೇ ದೋಣಿ.

ಬಾಳಮ್ಮ ಗದ್ದುಗೆಯಿಂದ ಇಳಿದಳು. ಓಲೆ ಎದೆಗವಚಿಕೊಂಡು ಓಡಿಹೋಗಿ ದೋಣಿ ಹತ್ತಿದಳು. ದಡ ಮೆಲ್ಲಗೆ ಹಿಂದೆ ಸರಿಯಿತು. ನೀರು ಯಾವುದು, ಆಕಾಶ ಯಾವುದು ಗೊತ್ತಾಗುತ್ತಿರಲಿಲ್ಲ. ಆ ಬಿಳುಪಿನ ನಡುವೆ ಅವಳಿಗೆ ಮತ್ತೆ ಭಯವಾಗಿ, ದಡದ ಕಡೆ ತಿರುಗಿ ಕೂಗಿದಳು.

“ಅಯ್ಯನವರೇ! ಅವರು ನಿಜವಾಗಲೂ ಬೇಡ ಅಂದರೆ?”

ದಡದವರೆಗೆ ಬಂದಿದ್ದ ಗುರುಗಳು ಕಾಣುತ್ತಿರಲಿಲ್ಲ. ದನಿ ಮಾತ್ರ ಬಂತು.

“ಬೇಡ ಅನ್ನೋದಕ್ಕೆ ಅರಮನೆಯಲ್ಲಿ ಸಂಬಳದ ಜನ ಇದ್ದಾರಮ್ಮಾ. ಅವರ ಕೆಲಸವನ್ನ ನೀನ್ಯಾಕೆ ಬಿಟ್ಟಿ ಮಾಡಿಕೊಡ್ತೀಯ?”